ಸರಾಸರಿ ನೀರಿನ ಮಟ್ಟ

ಫೆಬ್ರುವರಿ 3, ಸೋಮವಾರ

ಆಫೀಸಿನ ಬೀರುವಿನಲ್ಲಿ ಖಾಲಿ ಬಿದ್ದಿದ್ದ ಸರ್ವೆ ಪುಸ್ತಕ ಇದು. ಇಲಾಖೆಯ ಆಸ್ತಿ, ಸ್ವಂತಕ್ಕೆ ಬಳಸಬಾರದು. ಆದರೆ ಹಾಳೆ ಒದ್ದೆಯಾದರೂ ಬರಹ ಅಳಿಸುವುದಿಲ್ಲ, ಮನೆಯಲ್ಲಿ ಯಾರೂ ಇದನ್ನು ತೆರೆದು ನೋಡುವುದೂ ಇಲ್ಲ.

ನಾನು ವಿನ್ಯಾಸ ಮಾಡಿದ ರಸ್ತೆಗೆ ಇಂದಿಗೆ ಏಳು ವರ್ಷ ತುಂಬಿತು. ಜೌಗು ಕಾಡಿನ ನಡುವೆ ಆರು ಕಿಲೋಮೀಟರ್ ನಾನೂರು ಮೀಟರ್, ಒಂದೇ ಒಂದು ತಿರುವಿಲ್ಲ. ಮುಂಚೆ ಕಾಡು ಬಳಸಿಕೊಂಡು ದೊಡ್ಡಾಸ್ಪತ್ರೆಗೆ ಹೋಗಲು ಎರಡು ಗಂಟೆ ಬೇಕಿತ್ತು. ಈಗ ಇಪ್ಪತ್ತೈದು ನಿಮಿಷ. ಅದನ್ನು ಯಾರೂ ಬರೆಯುವುದಿಲ್ಲ. ಇಂದಿನ ಪೇಪರಿನ ಮೂರನೇ ಪುಟದಲ್ಲಿ ಬಂದಿರುವುದು ಬೇರೆ: 'ರಸ್ತೆ ಬದಿಯ ಕಾಡಿಗೆ ಏನಾಗಿದೆ?' ಜೊತೆಗೆ ಒಣಗಿದ ಮರಗಳ ಫೋಟೋ. ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿಬಿಟ್ಟರೆ ಯಾರ ಮೇಲೆ ಏನು ಬೇಕಾದರೂ ಬರೆಯಬಹುದು.

ಸಾಹೇಬರು ಕರೆಸಿದರು. "ಮೇಡಂ, ಒಂದು ತಿಂಗಳಲ್ಲಿ ವರದಿ ಕೊಡಿ. ಬಡ್ತಿ ಪಟ್ಟಿ ಮೇ ತಿಂಗಳಲ್ಲಿ ಬರುತ್ತೆ. ನಿಮ್ಮ ಹೆಸರು ಮೊದಲನೇದು. ಅರ್ಥ ಆಯ್ತಲ್ಲ?"

ಆಯಿತು. ಯಾವುದೋ ಹುಳ ಇರಬೇಕು.

ಫೆಬ್ರುವರಿ 12, ಬುಧವಾರ

ಸ್ಥಳ ಪರಿಶೀಲನೆ. ರಸ್ತೆಯ ಮೇಲ್ಬದಿಯಲ್ಲಿ ಮೊಣಕಾಲಿನ ಹತ್ತಿರದವರೆಗೆ ನೀರು ನಿಂತಿದೆ. ಮರಗಳ ಬುಡ ಊದಿಕೊಂಡು, ಎಲೆ ಹಳದಿಯಾಗಿ ಉದುರಿವೆ. ಕೆಲವು ಮರಗಳಿಗೆ ತೊಗಟೆಯೇ ಇಲ್ಲ. ಕೆಳಬದಿಯಲ್ಲಿ ಇದಕ್ಕೆ ಪೂರಾ ವಿರುದ್ಧ. ಕಪ್ಪು ಮಣ್ಣು ಬಿರುಕು ಬಿಟ್ಟು ಕುಸಿದಿದೆ, ಬೇರುಗಳು ಕುರ್ಚಿ ಕಾಲುಗಳ ಹಾಗೆ ಹೊರಗೆ ನಿಂತಿವೆ, ತುದಿಯಿಂದ ಒಣಗುತ್ತಾ ಬಂದ ಮರಗಳು ಒಂದರ ಮೇಲೊಂದು ವಾಲಿವೆ.

ಅಂದರೆ ಎರಡು ಬದಿಗೆ ಎರಡು ಬೇರೆ ಬೇರೆ ರೋಗ. ಆದ್ದರಿಂದ ರಸ್ತೆ ಕಾರಣವಾಗಿರಲು ಸಾಧ್ಯವಿಲ್ಲ. ರಸ್ತೆ ಒಂದೇ ಇದೆ.

ಜೊತೆಗೆ ಟೇಪಣ್ಣ ಬಂದಿದ್ದ. ಅಳತೆಗಾರ, ಗುತ್ತಿಗೆಯ ಮೇಲೆ ಇರುವವನು. ರಸ್ತೆ ಆಗುವುದಕ್ಕೆ ಎರಡು ವರ್ಷ ಮುಂಚೆ ಮಣ್ಣು ಪರೀಕ್ಷೆಗೆಂದು ನೆಲದಲ್ಲಿ ಇಪ್ಪತ್ತು ಕೊಳವೆ ಇಳಿಸಿದ್ದೆವು, ಈ ಬದಿಗೆ ಹತ್ತು, ಆ ಬದಿಗೆ ಹತ್ತು. ಒಂಬತ್ತು ವರ್ಷದಿಂದ ವಾರಕ್ಕೊಮ್ಮೆ ಟೇಪು ಇಳಿಸಿ ಒಳಗಿನ ನೀರಿನ ಮಟ್ಟ ಓದುವುದು ಅವನ ಕೆಲಸ. ಹೆಸರು ಹಿಡಿದು ಕರೆಯುವವರು ಆಫೀಸಿನಲ್ಲಿ ಯಾರೂ ಇಲ್ಲ.

"ರಸ್ತೆ ಕೆಳಗೆ ಮೋರಿ ಎಷ್ಟಿದೆ ಮೇಡಮ್ಮ?" ಎಂದ. ಗೊತ್ತಿದ್ದೇ ಕೇಳಿದ್ದು.

"ಮೂರು. ಬೇಸಿಗೆಯಲ್ಲಿ ಸರ್ವೆ ಮಾಡಿದಾಗ ಇಲ್ಲಿ ಒಂದು ಹಳ್ಳವೂ ಸಿಗಲಿಲ್ಲ. ಹರಿಯೋ ನೀರೇ ಇಲ್ಲದ ಕಡೆ ಮೋರಿ ಯಾಕೆ?"

"ಇಲ್ಲಿ ನೀರು ಹರಿಯಲ್ಲ, ನಿಧಾನಕ್ಕೆ ನಡೆಯುತ್ತೆ. ಬೇರಿನ ಸಂದಿಯಲ್ಲಿ, ಮಣ್ಣೊಳಗೆ, ಇಡೀ ಕಾಡಿನ ಅಗಲಕ್ಕೆ. ನಿಮಗೆ ಕಾಲುದಾರಿ ಕಾಣಿಸಲಿಲ್ಲ ಅಂತ ಓಡಾಡೋರೇ ಇಲ್ಲ ಅಂದ್ಕೊಂಡ್ರಿ."

ಓದು ಬರಹ ಕಡಿಮೆ ಇರುವವರು ಇಂಥ ಮಾತು ಚೆನ್ನಾಗಿ ಆಡುತ್ತಾರೆ.

ಫೆಬ್ರುವರಿ 20, ಗುರುವಾರ

ವರದಿ ಮುಗಿಯಿತು. ನಮ್ಮ ನಮೂನೆಯಲ್ಲಿ ನೀರಿನ ಮಟ್ಟಕ್ಕೆ ಇರುವುದು ಒಂದೇ ಅಂಕಣ. ಬಾವಿಗಳಿಗಾಗಿ ಮಾಡಿದ ನಮೂನೆ ಅದು, ಬದಲಾಯಿಸಲು ಯಾರಿಗೂ ಪುರಸೊತ್ತಾಗಿಲ್ಲ. ಆದ್ದರಿಂದ ಇಪ್ಪತ್ತು ಕೊಳವೆಗಳ ಸರಾಸರಿ ಹಾಕುವುದು ನಾನು ಮೊದಲಿನಿಂದ ಮಾಡಿಕೊಂಡು ಬಂದ ಪದ್ಧತಿ. ಮೇಲ್ಬದಿಯಲ್ಲಿ ನೀರು ನೆಲಕ್ಕಿಂತ 38 ಸೆಂಟಿಮೀಟರ್ ಮೇಲೆ. ಕೆಳಬದಿಯಲ್ಲಿ ನೆಲಕ್ಕಿಂತ 41 ಕೆಳಗೆ. ಸರಾಸರಿ, ನೆಲಮಟ್ಟಕ್ಕಿಂತ ಕೇವಲ ಒಂದೂವರೆ ಸೆಂಟಿಮೀಟರ್ ಕೆಳಗೆ. ಜೌಗು ಕಾಡಿಗೆ ಇದಕ್ಕಿಂತ ಒಳ್ಳೆಯ ಮಟ್ಟ ಪುಸ್ತಕದಲ್ಲೂ ಸಿಗುವುದಿಲ್ಲ.

ಸಾಹೇಬರಿಗೆ ಬಹಳ ಸಂತೋಷ. "ಆದರೂ ಮೇಲ್ಬದಿಗೆ ರಸ್ತೆ ಉದ್ದಕ್ಕೂ ಒಂದು ಕಾಲುವೆ ತೋಡಿಸಿ ಆ ನೀರನ್ನ ನದಿಗೆ ಬಿಡೋಣ ಮೇಡಂ. ನೀರು ಕಾಣಿಸಿದರೆ ತಾನೇ ಪೇಪರಿನವರು ಫೋಟೋ ಹೊಡೆಯೋದು?"

ನೀರು ಸರಿಯಾಗಿದೆ ಎಂದು ವರದಿ, ಅದೇ ನೀರನ್ನು ತೆಗೆಯಲು ಕಾಲುವೆ. ಕೆಳಬದಿಗೆ ಇನ್ನು ಒಂದು ಹನಿಯೂ ಹೋಗುವುದಿಲ್ಲ. ಆದರೆ ಅದು ಬೇರೆ ಫೈಲು.

ಮಾರ್ಚ್ 4, ಮಂಗಳವಾರ

ಮೇಲಿನ ಆಫೀಸಿನಿಂದ ಪ್ರಶ್ನೆ ಬಂದಿದೆ. ಹದಿನಾಲ್ಕು ಮೀಟರ್ ಅಗಲದ ರಸ್ತೆಯ ಆಚೆ ಈಚೆ ಎಂಬತ್ತು ಸೆಂಟಿಮೀಟರ್ ವ್ಯತ್ಯಾಸ ಹೇಗೆ ಸಾಧ್ಯ?

"ಒಂದೋ ರಸ್ತೆ ತಪ್ಪು, ಇಲ್ಲಾ ಓದಿದವನು ತಪ್ಪು" ಎಂದರು ಸಾಹೇಬರು. "ರಸ್ತೆ ನಿಮ್ಮದು."

ನಾನು ಟಿಪ್ಪಣಿ ಬರೆದೆ: 'ಅಳತೆಗಾರನ ಓದು ನಂಬಲರ್ಹವಾಗಿ ಕಾಣುವುದಿಲ್ಲ. ಗುತ್ತಿಗೆ ಮುಂದುವರಿಸುವ ಅಗತ್ಯವಿಲ್ಲ.' ಎರಡು ಸಾಲು, ಎರಡು ನಿಮಿಷ. ಓದು ತಪ್ಪಾದರೂ ಅದರ ಸರಾಸರಿ ಮಾತ್ರ ಸರಿ ಎಂದು ಸಾಹೇಬರ ಅಭಿಪ್ರಾಯ. ನಾನೂ ತಲೆಯಾಡಿಸಿದೆ.

ಮಾರ್ಚ್ 7, ಶುಕ್ರವಾರ

ಸಂಜೆ ಯಜಮಾನರ ಕನ್ನಡಕದ ಅಂಗಡಿಗೆ ಹೋಗಿದ್ದೆ. ಕೌಂಟರಿನ ಮೇಲೆ ಯಾರದೋ ಚೀಟಿ ಇತ್ತು: ಬಲಗಣ್ಣು ಪ್ಲಸ್ ಎರಡು, ಎಡಗಣ್ಣು ಮೈನಸ್ ಎರಡು.

"ಇಂಥ ಕಣ್ಣೂ ಇರುತ್ತಾ?" ಎಂದೆ.

"ಇರುತ್ತೆ. ಪಾಪ, ಮೆಟ್ಟಿಲು ಇಳಿಯೋಕ್ಕೂ ಒದ್ದಾಡ್ತಾರೆ. ನಿಮ್ಮ ಆಫೀಸಿಗೆ ಕಳಿಸಿಬಿಡ್ತೀನಿ. ನಿಮ್ಮ ಲೆಕ್ಕದಲ್ಲಿ ಸರಾಸರಿ ಸೊನ್ನೆ, ಕನ್ನಡಕವೇ ಬೇಡ!" ಎಂದು ತಮ್ಮ ಜೋಕಿಗೆ ತಾವೇ ನಕ್ಕರು. ವರದಿಯ ವಿಷಯ ಇವರಿಗೆ ಹೇಳಬಾರದಿತ್ತು.

ಕಣ್ಣು ಬೇರೆ, ನೀರು ಬೇರೆ.

ಮಾರ್ಚ್ 18, ಮಂಗಳವಾರ

ಟೇಪಣ್ಣ ಬಂದು ಟೇಪು ಒಪ್ಪಿಸಿದ. ರಶೀದಿ ಕೇಳಿದ. ಕೊಟ್ಟೆ. ಟೇಪಿನ ತುದಿಗೆ ಹಿತ್ತಾಳೆಯ ಪುಟ್ಟ ಬಟ್ಟಲಿದೆ; ನೀರು ತಾಗಿದ ಕೂಡಲೇ 'ಟುಪ್' ಎನ್ನುತ್ತದೆ. ಅದನ್ನು ಉಜ್ಜಿ ಹೊಳಪು ಮಾಡಿ ತಂದಿದ್ದ.

ಅಳುತ್ತಾನೆ, ಇಲ್ಲವೇ ಜಗಳ ತೆಗೆಯುತ್ತಾನೆ ಎಂದುಕೊಂಡಿದ್ದೆ. ಎರಡಕ್ಕೂ ಉತ್ತರ ಯೋಚಿಸಿಟ್ಟಿದ್ದೆ. ಅವನು, "ನಾನು ಸುಳ್ಳು ಓದಿದೆ ಅಂತ ನೀವೇ ಬರೆದಿದ್ದಂತೆ. ಇರಲಿ. ಒಂದೇ ಒಂದು ಸಲ ನೀವೇ ಟೇಪು ಇಳಿಸಿ ನೋಡಿ" ಎಂದ.

"ನನಗೆ ಬಿಡುವಿಲ್ಲ."

"ಒಂಬತ್ತು ವರ್ಷದಿಂದ ಬಿಡುವಿಲ್ಲ, ಗೊತ್ತು."

ಮಾರ್ಚ್ 29, ಶನಿವಾರ

ಅಳತೆಗಾರ ಇಲ್ಲದ ಕಾರಣ ನಾನೇ ಹೋಗಬೇಕಾಯಿತು. ಇಪ್ಪತ್ತು ಕೊಳವೆ, ಐದು ಗಂಟೆ. ಎಡಗಾಲಿನ ಬೂಟು ಕೆಸರಿನಲ್ಲೇ ಉಳಿಯಿತು.

ಮೇಲ್ಬದಿ 39 ಮೇಲೆ. ಕೆಳಬದಿ 42 ಕೆಳಗೆ.

ಟೇಪು ಕೆಟ್ಟಿರಬೇಕು.

ಮಾರ್ಚ್ 31, ಸೋಮವಾರ

ಹೊಸ ಉಕ್ಕಿನ ಟೇಪು ತೆಗೆದುಕೊಂಡು ಹೋದೆ. 39. 42.

ಏಪ್ರಿಲ್ 8, ಮಂಗಳವಾರ

ರೆಕಾರ್ಡು ಕೋಣೆಯಿಂದ ಹಳೆಯ ಓದುಗಳನ್ನೆಲ್ಲ ತರಿಸಿ ಗ್ರಾಫ್ ಹಾಳೆಯಲ್ಲಿ ಬರೆದೆ. ಮೇಲ್ಬದಿಗೆ ನೀಲಿ, ಕೆಳಬದಿಗೆ ಕೆಂಪು. ಮೊದಲ ಎರಡು ವರ್ಷ ಎರಡು ಗೆರೆಗಳೂ ಒಂದರ ಮೇಲೊಂದು, ಮಳೆಗಾಲದಲ್ಲಿ ಒಟ್ಟಿಗೆ ಏರಿ ಬೇಸಿಗೆಯಲ್ಲಿ ಒಟ್ಟಿಗೆ ಇಳಿದಿವೆ. ರಸ್ತೆ ಆದ ನಂತರದ ಮೊದಲ ಮಳೆಗಾಲದಲ್ಲಿ ಬೇರೆಯಾದವು. ಆಮೇಲೆ ಕೂಡಿಲ್ಲ. ಮೇಲಿನದಕ್ಕೆ ಬೇಸಿಗೆ ಇಲ್ಲ, ಕೆಳಗಿನದಕ್ಕೆ ಮಳೆಗಾಲ ಇಲ್ಲ.

ಕಾಕತಾಳೀಯವೂ ಇರಬಹುದು. ಏಳು ವರ್ಷದ ಕಾಕತಾಳೀಯ.

ಊಟದ ಹೊತ್ತಿನಲ್ಲಿ ಅತ್ತೆ ಆ ಗ್ರಾಫನ್ನು ನೋಡಿದರು. ಮೂವತ್ತು ವರ್ಷ ಆಸ್ಪತ್ರೆ ವಾರ್ಡಿನಲ್ಲಿ ನರ್ಸಾಗಿದ್ದವರು, ಗೆರೆ ಏರಿಳಿಯುವುದನ್ನು ನೋಡಿದರೆ ಸುಮ್ಮನಿರಲು ಆಗುವುದಿಲ್ಲ.

"ಇಬ್ಬರು ರೋಗಿಗಳಾ?"

"ಕಾಡು, ಅತ್ತೆ. ರಸ್ತೆಯ ಆ ಕಡೆ, ಈ ಕಡೆ."

"ಬಸ್ಸಿನಲ್ಲಿ ಹೋಗುವಾಗ ನೋಡಿದೀನಿ. ಒಂದು ಕಡೆ ಕಾಲು ಊದಿದೆ, ಇನ್ನೊಂದು ಕಡೆ ಬಾಯಿ ಒಣಗಿದೆ. ಕಟ್ಟು ಬಿಗಿಯಾದರೆ ಹಾಗೇ ಆಗೋದು ಕಣೆ. ಯಾವ ಪುಣ್ಯಾತ್ಮ ಕಟ್ಟಿದ್ದು?"

ಸಾರು ಬಡಿಸಿದೆ.

ಏಪ್ರಿಲ್ 21, ಸೋಮವಾರ

ಗ್ರಾಫನ್ನು ಸಾಹೇಬರಿಗೆ ತೋರಿಸಿದೆ. ರಸ್ತೆಯನ್ನು ಹನ್ನೆರಡು ಕಡೆ ಕಡಿದು ನೀರಿಗೆ ದಾರಿ ಬಿಡಬೇಕು, ಕಾಲುವೆ ಕೈಬಿಡಬೇಕು ಎಂದೆ.

ಅವರು ಬಾಗಿಲು ಹಾಕಿಸಿದರು. "ಸುಧಾರಣೆ ಅಂತ ಬರೀರಿ, ಫೈಲು ಓಡುತ್ತೆ. ತಪ್ಪು ಅಂತ ಬರೀಬೇಡಿ. ತಪ್ಪು ಅಂದರೆ ಯಾರ ತಪ್ಪು ಅಂತ ಕೇಳ್ತಾರೆ."

"ಹಾಗಾದರೆ ಅಳತೆಗಾರನ ಮೇಲಿನ ಟಿಪ್ಪಣಿ?"

"ಅದು ಹಾಗೇ ಇರಬೇಕಲ್ಲ. ಅವನು ಸರಿ ಅಂದರೆ ನೀವು ತಪ್ಪು ಅಂತ ಆಯ್ತು. ಇಬ್ಬರೂ ಸರಿ ಇರೋಕೆ ಇದೇನು ನಿಮ್ಮ ಸರಾಸರಿನಾ?" ಎಂದು ನಕ್ಕರು. "ಮೇ ತಿಂಗಳು ಕಳೀಲಿ ಮೇಡಂ. ಕಾಲುವೆ ಟೆಂಡರು ಜೂನ್‌ನಲ್ಲಿ. ಆಮೇಲೆ ನಿಮ್ಮ ಸುಧಾರಣೆ ನೋಡೋಣ."

ಕಾಲುವೆ ತೋಡಿದ ಮೇಲೆ ರಸ್ತೆ ಕಡಿದು ಏನು ಪ್ರಯೋಜನ? ದಾಟಲು ನೀರೇ ಇರುವುದಿಲ್ಲ.

ವಾಪಸು ಬರುವಾಗ ತರಕಾರಿ ಮಂಡಿಯ ದಾರಿ ಹಿಡಿದೆ. ಹತ್ತಿರದ ದಾರಿಯೇನಲ್ಲ. ಟೇಪಣ್ಣ ಅಲ್ಲಿ ತೂಕ ಹಾಕುವ ಕೆಲಸಕ್ಕೆ ಸೇರಿದ್ದಾನೆ. ಈರುಳ್ಳಿ ಮೂಟೆ ತಕ್ಕಡಿಯ ಮೇಲಿತ್ತು.

"ಇಲ್ಲೂ ಅಳತೆಯೇ?" ಎಂದೆ. ಬೇರೆ ಮಾತು ಹೊಳೆಯಲಿಲ್ಲ.

"ಹೂಂ ಮೇಡಮ್ಮ. ಇಲ್ಲೊಂದು ಅನುಕೂಲ. ಮುಳ್ಳು ಎಲ್ಲಿ ನಿಂತರೆ ಅದನ್ನೇ ಬರೀತಾರೆ."

ಒಂದು ಕಿಲೋ ಈರುಳ್ಳಿ ಕೊಂಡೆ. ಮನೆಯಲ್ಲಿ ಮೂರು ಕಿಲೋ ಇತ್ತು.

ಮೇ 6, ಮಂಗಳವಾರ

ಪತ್ರ ಕಳಿಸಿದೆ. ಮೇಲಿನ ಆಫೀಸಿಗೆ ನೇರವಾಗಿ, ಸಾಹೇಬರಿಗೆ ಪ್ರತಿ. 'ಅಳತೆಗಾರನ ಓದು ಸರಿ ಇದೆ, ನಾನೇ ಓದಿ ಖಚಿತಪಡಿಸಿಕೊಂಡಿದ್ದೇನೆ. ಅದರ ಸರಾಸರಿ ಹಾಕಿ ವ್ಯತ್ಯಾಸ ಮುಚ್ಚಿಹೋಗುವಂತೆ ಮಾಡಿದ್ದು ನನ್ನ ತಪ್ಪು. ಅವನ ಮೇಲೆ ಬರೆದ ಟಿಪ್ಪಣಿ ಹಿಂತೆಗೆದುಕೊಳ್ಳುತ್ತೇನೆ. ರಸ್ತೆ ಒಡ್ಡಾಗಿ ನಿಂತಿದೆ. ವಿನ್ಯಾಸ ನನ್ನದು.'

ಸಾಹೇಬರ ಫೋನು ಬಂತು. "ನಿಮಗೆ ಮೈಯಲ್ಲಿ ಹುಷಾರಿಲ್ವಾ?" ಎಂದರು. ರಜೆ ಹಾಕಿ ಪತ್ರ ವಾಪಸು ತೆಗೆದುಕೊಳ್ಳಬಹುದು ಎಂಬ ಸೂಚನೆ ಇರಬೇಕು. ನನಗೆ ಆಮೇಲೆ ಹೊಳೆಯಿತು. ಆಗ, "ಚೆನ್ನಾಗಿದೀನಿ ಸರ್" ಎಂದುಬಿಟ್ಟಿದ್ದೆ.

ಮೇ 19, ಸೋಮವಾರ

ಆರೋಪಪಟ್ಟಿ ಬಂತು, ನಾಲ್ಕು ಪುಟ. ಬಡ್ತಿ ಪಟ್ಟಿಯಿಂದ ಹೆಸರು ತೆಗೆದಿದ್ದಾರೆ. ಯಜಮಾನರು ಎರಡು ಸಲ ಓದಿ, "ಒಳ್ಳೇ ಭಾಷೆ. ಕಾಗುಣಿತ ತಪ್ಪಿಲ್ಲ" ಎಂದರು. ಆಮೇಲೆ ಅಂಗಡಿಗೆ ಹೋಗದೆ ಮಧ್ಯಾಹ್ನದವರೆಗೆ ನನ್ನ ಜೊತೆ ಕೂತಿದ್ದರು.

ಒಂದು ವಿಷಯ ಗಮನಿಸಿದೆ. ಮೂರನೇ ಪುಟದಲ್ಲಿದೆ: ವಿಚಾರಣೆ ಮುಗಿಯುವವರೆಗೆ ಆ ಸ್ಥಳದಲ್ಲಿ ಯಾವುದೇ ಕಾಮಗಾರಿ ಕೂಡದು. ಕಾಲುವೆಯೂ ಕಾಮಗಾರಿಯೇ. ನಾಲ್ಕನೇ ಪುಟದಲ್ಲಿ ಇನ್ನೊಂದು: ಅಳತೆಗಾರನು ಮುಖ್ಯ ಸಾಕ್ಷಿಯಾದ್ದರಿಂದ ಅವನನ್ನು ಮೊದಲಿನ ಕೆಲಸದಲ್ಲೇ ಇರಿಸಿಕೊಳ್ಳತಕ್ಕದ್ದು.

ಟೇಪಣ್ಣನಿಗೆ ಟೇಪು ವಾಪಸು ಕೊಟ್ಟೆ. ರಶೀದಿಗೆ ಸಹಿ ಹಾಕುತ್ತಾ, "ನಿಮ್ಮ ವಿರುದ್ಧ ಸಾಕ್ಷಿ ಹೇಳೋಕೆ ನೀವೇ ಕೆಲಸ ಕೊಟ್ರಲ್ಲ!" ಎಂದ. ಹಲ್ಲು ಕಾಣುವ ಹಾಗೆ ಅವನು ನಕ್ಕಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಜೂನ್ 10, ಮಂಗಳವಾರ

ವಿಚಾರಣಾಧಿಕಾರಿ ಬಂದರು. ಸಣ್ಣ ಆಳು, ದೊಡ್ಡ ಕೊಡೆ, ಪ್ರತಿ ಮಾತನ್ನೂ ಗುಮಾಸ್ತರಿಂದ ಬರೆಸಿಕೊಳ್ಳುವ ಅಭ್ಯಾಸ. ಈ ರಸ್ತೆ ನೀರು ತಡೆಯುತ್ತಿದೆ ಎಂಬುದಕ್ಕೆ ಪುರಾವೆ ಬೇಕು, ಒಂದು ಕಡೆ ಕಡಿದು ನೋಡೋಣ ಎಂದರು. ಬಸ್ಸು, ಆಂಬುಲೆನ್ಸು ದಾಟಲು ಕಡಿದ ಜಾಗದ ಮೇಲೆ ಕಬ್ಬಿಣದ ಹಲಗೆ ಹಾಸಿದೆವು.

ಪೇಪರಿನವರು ಕ್ಯಾಮೆರಾ ಹಿಡಿದು ಕಾದರು. ನೀರು ಧುಮುಕಲಿಲ್ಲ. ಹದಿನೈದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಎಲೆ, ಕಡ್ಡಿ, ಜೇಡದ ಬಲೆ ಎಲ್ಲವನ್ನೂ ಹೊತ್ತುಕೊಂಡು ಕಪ್ಪು ನೀರು ಮೆಲ್ಲಗೆ ಹೊರಟಿತು, ಮೇಯಲು ಬಿಟ್ಟ ದನದ ವೇಗದಲ್ಲಿ. ಆ ಕಡೆ ಹೋಗಿ ಒಂದೊಂದೇ ಬಿರುಕನ್ನು ತುಂಬುತ್ತಾ ನಿಂತಿತು. ಪೇಪರಿನವರು ಬೇಸರವಾಗಿ ಹೊರಟುಹೋದರು.

"ನಡೀತಾ ಇದೆ" ಎಂದೆ.

"ಏನಂದ್ರಿ ಮೇಡಂ? ಜೋರಾಗಿ ಹೇಳಿ, ಬರೆಸ್ತೀನಿ" ಎಂದರು ವಿಚಾರಣಾಧಿಕಾರಿ.

ಬರೆಸಿದೆ.

ಜೂನ್ 24, ಮಂಗಳವಾರ

ನಿಯಮಾವಳಿ ಓದುತ್ತಿದ್ದೇನೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಪೂರ್ತಿ ಓದಿದ್ದು ಇದೇ ಮೊದಲು. ವಿಚಾರಣೆ ಮುಗಿಯುವ ತನಕ ಸ್ಥಳದ ಪುರಾವೆಯನ್ನು ಯಾರೂ ಮುಚ್ಚುವಂತಿಲ್ಲ, ಅಳಿಸುವಂತಿಲ್ಲ. ಪುರಾವೆ ಎಂದರೆ ಒಡ್ಡಿನಲ್ಲಿ ಕಡಿದ ಆ ಜಾಗ.

ಜುಲೈ 16, ಬುಧವಾರ

ನನ್ನ ಮನವಿ ಮಂಜೂರಾಯಿತು. ಒಂದೇ ಕಡೆ ಕಡಿದು ನನ್ನನ್ನು ತಪ್ಪಿತಸ್ಥಳೆನ್ನುವುದು ನ್ಯಾಯವಲ್ಲ, ಇನ್ನೂ ಹನ್ನೊಂದು ಕಡೆ ಕಡಿದು ನೋಡಬೇಕು ಎಂದು ಬರೆದಿದ್ದೆ. ಜಾಗಗಳನ್ನೂ ನಾನೇ ಗುರುತು ಮಾಡಿ ಕೊಟ್ಟೆ.

"ನಿಮ್ಮ ವಿರುದ್ಧದ ಪುರಾವೆ ನೀವೇ ಬೆಳೆಸ್ತಾ ಇದೀರಿ" ಎಂದರು ವಿಚಾರಣಾಧಿಕಾರಿ.

"ಪೂರ್ತಿ ಸತ್ಯ ಹೊರಗೆ ಬರಲಿ ಸರ್."

ಬಸ್ಸಿನವರು ಹನ್ನೆರಡು ಕಡೆ ಹಲಗೆಯ ಮೇಲೆ ಢಣಾರೆಂದು ದಾಟಬೇಕು. ಆಸ್ಪತ್ರೆಗೆ ಈಗ ಮೂವತ್ತೊಂದು ನಿಮಿಷ. ಡ್ರೈವರುಗಳು ನನ್ನನ್ನು ಏನೆಂದು ಬೈಯುತ್ತಾರೆ ಎಂಬುದನ್ನು ಅತ್ತೆ ಸಂಜೆ ಬಂದು ಒಂದಕ್ಷರ ಬಿಡದೆ ಒಪ್ಪಿಸುತ್ತಾರೆ. "ನಾನೂ ಜೊತೆಗೆ ಎರಡು ಸೇರಿಸಿದೆ. ಇಲ್ಲದಿದ್ರೆ ಅನುಮಾನ ಬರುತ್ತಲ್ಲ."

ಆಗಸ್ಟ್ 29, ಶುಕ್ರವಾರ

ಮೇಲ್ಬದಿ 17 ಮೇಲೆ. ಕೆಳಬದಿ 15 ಕೆಳಗೆ.

ಸತ್ತ ಮರ ಸತ್ತಿದೆ. ಮೇಲ್ಬದಿಯಲ್ಲಿ ಒಡ್ಡಿಗೆ ಅಂಟಿದಂತಿರುವ ಮೂರು ಸಾಲಿನಲ್ಲಿ ಒಂದೂ ಚಿಗುರಿಲ್ಲ. ಕುಸಿದ ಮಣ್ಣು ಮೇಲೆ ಬರುವುದೂ ಇಲ್ಲ. ಆದರೆ ಕೆಳಬದಿಯಲ್ಲಿ, ನಾಲ್ಕನೇ ಕಡಿತದ ಹತ್ತಿರ, ತುದಿ ಒಣಗಿದ ಮರಗಳ ಅರ್ಧಮೈಯಲ್ಲಿ ಎಲೆ ಬಂದಿದೆ. ಟೇಪಣ್ಣ ಅರವತ್ತೊಂದು ಮರ ಎಣಿಸಿದ. ನಾನು ಅರವತ್ತು ಎಣಿಸಿದೆ. ಇಬ್ಬರೂ ಮತ್ತೆ ಮೊದಲಿನಿಂದ ಎಣಿಸಿದೆವು. ಅವನೇ ಸರಿ.

ನೀರು ಸರಿಹೋಗಲು ಇನ್ನೂ ಕೆಲವು ಮಳೆಗಾಲ ಬೇಕು.

ಅಕ್ಟೋಬರ್ 14, ಮಂಗಳವಾರ

ಕೆಟ್ಟ ದಿನ. ವಿಚಾರಣಾಧಿಕಾರಿ ಕರೆದು, "ಸಂತೋಷದ ಸುದ್ದಿ ಮೇಡಂ" ಎಂದರು.

ನನ್ನದು ಒಳ್ಳೆಯ ಉದ್ದೇಶದಿಂದ ಆದ ತಪ್ಪು, ತಾನಾಗಿ ಒಪ್ಪಿಕೊಂಡಿದ್ದೇನೆ, ಆದ್ದರಿಂದ ಈ ತಿಂಗಳ ಕೊನೆಗೆ ನನ್ನನ್ನು ದೋಷಮುಕ್ತಳೆಂದು ಬರೆದು ಮುಗಿಸುತ್ತಾರಂತೆ. ಬಡ್ತಿಯೂ ವಾಪಸು ಸಿಗುತ್ತದಂತೆ.

"ಕಡಿತಗಳು ಸರ್?"

"ವಿಚಾರಣೆ ಮುಗಿದ ಮೇಲೆ ಪುರಾವೆಗೇನು ಕೆಲಸ? ಮುಚ್ಚಿಸ್ತಾರೆ. ನಿಮ್ಮ ಸಾಹೇಬರು ಕಾಲುವೆ ಫೈಲು ರೆಡಿ ಇಟ್ಕೊಂಡು ಕಾಯ್ತಿದಾರೆ."

"ಅಳತೆಗಾರ?"

"ಸಾಕ್ಷಿ ಮುಗೀತಲ್ಲ."

ಇಂಥ ಅನ್ಯಾಯವನ್ನು ಸುಮ್ಮನೆ ಸಹಿಸಲಾಗುವುದಿಲ್ಲ. ಅಲ್ಲೇ ಕಾಗದ ಕೇಳಿ ಆಕ್ಷೇಪಣೆ ಬರೆದೆ. ನನ್ನ ಮೇಲಿನ ಆರೋಪ ಒಂಬತ್ತು ವರ್ಷದ ಓದುಗಳ ಬಗ್ಗೆ. ವರ್ಷಕ್ಕೆ ಐವತ್ತೆರಡು ವಾರ, ವಾರಕ್ಕೆ ಇಪ್ಪತ್ತು ಕೊಳವೆ, ಒಟ್ಟು ಒಂಬತ್ತು ಸಾವಿರದ ಮುನ್ನೂರ ಅರವತ್ತು ಓದು. ಒಂದೊಂದನ್ನೂ ಸಾಕ್ಷಿಯ ಮುಂದಿಟ್ಟು ಪಾಟೀಸವಾಲು ಮಾಡುವ ಹಕ್ಕು ನಿಯಮದ ಪ್ರಕಾರ ನನಗಿದೆ. ಅದು ಆಗದೆ ದೋಷಮುಕ್ತಿ ನನಗೆ ಬೇಡ.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದರು. ಗುಮಾಸ್ತರನ್ನು ಚಹಾ ತರಲು ಕಳಿಸಿದರು. ಬಾಗಿಲು ಮುಚ್ಚಿದ ಮೇಲೆ ಕೇಳಿದರು: "ಒಂದು ದಿನಕ್ಕೆ ಎಷ್ಟು ಓದು ಮುಗಿಸಬಹುದು ಅಂತೀರಿ?"

"ಇಪ್ಪತ್ತಕ್ಕಿಂತ ಹೆಚ್ಚು ಆಗಲ್ಲ ಸರ್."

"ವಾರಕ್ಕೆ ಎಷ್ಟು ದಿನ?"

"ನಿಮಗೆ ಬೇರೆ ಕೇಸುಗಳೂ ಇವೆಯಲ್ಲ. ಒಂದು ದಿನ ಸಾಕು."

ಮೇಜಿನ ಮೇಲೆ ಬೆರಳಿನಲ್ಲಿ ಲೆಕ್ಕ ಹಾಕಿದರು. "ನಾನು ಎರಡು ವರ್ಷಕ್ಕೆ ನಿವೃತ್ತಿ. ನೀವು?"

"ಎಂಟು."

"ನಿಮ್ಮ ಪಿಂಚಣಿಗೂ ತೊಡಕಾಗುತ್ತೆ ಮೇಡಂ. ಗೊತ್ತಿದೆ ತಾನೆ?"

ನಿಯಮಾವಳಿ ಓದಿದ್ದೇನೆ, ಗೊತ್ತಿದೆ ಎಂದೆ. ಅವರು ಆಕ್ಷೇಪಣೆಯ ಮೇಲೆ 'ಅಂಗೀಕರಿಸಲಾಗಿದೆ' ಎಂದು ಬರೆದರು. ಚಹಾ ಬಂದಾಗ ಇಬ್ಬರೂ ಹವಾಮಾನದ ಬಗ್ಗೆ ಮಾತಾಡುತ್ತಿದ್ದೆವು.

ವಿಚಾರಣೆ ಮುಗಿಯಲು ಒಂಬತ್ತು ವರ್ಷ ಬೇಕು ಎಂದು ಟೇಪಣ್ಣನಿಗೆ ಹೇಳಿದೆ.

"ಆಗ ನನಗೆ ಎಪ್ಪತ್ತೊಂದು ಮೇಡಮ್ಮ! ಅಷ್ಟು ಓದು ಯಾರಿಗೆ ನೆನಪಿರುತ್ತೆ?"

"ನೆನಪಿಲ್ಲ ಅಂದರೆ ಸ್ಥಳಕ್ಕೆ ಹೋಗಿ ಮತ್ತೆ ಓದಿ ಬರೋಕೆ ಸಮಯ ಕೊಡಬೇಕಾಗುತ್ತೆ."

ಅವನು ಟೇಪನ್ನು ಹೆಗಲಿಗೆ ಹಾಕಿಕೊಂಡ. "ಈಗಲೇ ಮರೀತಾ ಇದೀನಿ" ಎಂದ.

ಮೊದಲ ಪಾಟೀಸವಾಲು ಬರುವ ಮಂಗಳವಾರ, ಹನ್ನೊಂದು ಗಂಟೆಗೆ. ಅಂದು ನನಗೆ ನೆಗಡಿಯಾಗುವ ಸಂಭವವಿದೆ.